ಮೂರನೆಯವನ ಪಾತ್ರ

ನನ್ನ ಮಗ ಈರೇಶನನ್ನು ಕೊಂದ ಜಾಗವನ್ನು ನಾನು ಮೊದಲ ಸಲ ಕಂಡದ್ದು ಅವನ ಸಾವಿನ ಮೇಲೆ ಸಿನಿಮಾ ತೆಗೆಯುವ ದಿನ. ಅದಕ್ಕೆ ಮುಂಚೆ ಹದಿನಾಲ್ಕು ತಿಂಗಳು ಆ ಕಡೆ ಕಾಲಿಟ್ಟಿರಲಿಲ್ಲ. ನಮ್ಮೂರು ಮಿಶ್ರಿಕೋಟಿಯಿಂದ ಏನಾದರೂ ಕೆಲಸಕ್ಕೆ ಕಲಘಟಗಿಗೆ ಹೋದರೆ, ತಂಬೂರಿನ ಬಸ್ಸು ನಿಲ್ಲುವ ಕಡೆಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆ.

ಈರೇಶ ಕವಿಯಾಗಿದ್ದ. ಎರಡು ಪುಸ್ತಕ ಬಂದಿದ್ದವು. ಆಮೇಲೆ ಕ್ಯಾಮರಾ ಹಿಡಿದು ಸಣ್ಣ ಸಣ್ಣ ಚಿತ್ರ ಮಾಡತೊಡಗಿದ. ಹತ್ತು ನಿಮಿಷದವು, ಹದಿನೈದು ನಿಮಿಷದವು. ಕೊನೆಯದು ಕಲಘಟಗಿಯ ಬಣ್ಣದ ತೊಟ್ಟಿಲುಗಳ ಮೇಲೆ. ಅದಕ್ಕೆಂದು ಬರೆದ ಪದ್ಯದ ಒಂದು ಸಾಲು ನನಗೆ ಬಾಯಿಗೆ ಬರುತ್ತದೆ: ‘ತೊಟ್ಟಿಲಾಗುವ ಮೊದಲು ಈ ಮರ ಹಕ್ಕಿಯ ಮಕ್ಕಳನ್ನು ತೂಗಿತ್ತು.’ ತೊಟ್ಟಿಲು ಮಾಡುವವರು ಮರ ಕೊಂಡ ರಸೀದಿಗಳನ್ನು ಅವನಿಗೆ ತೋರಿಸಿದರು. ಅವರದೆಲ್ಲ ಸರಿಯಾಗಿತ್ತು. ಆದರೆ ಮರದ ಜಾಡು ಹಿಡಿದು ಹೊರಟವನಿಗೆ ರಸೀದಿ ಇಲ್ಲದ ಮರವೂ ಕಂಡಿತು. ತಂಬೂರಿನ ಆಚೆ, ಗದ್ದೆ ಮುಗಿದು ಕಾಡು ಶುರುವಾಗುವ ಅಂಚಿನಲ್ಲಿ, ಕದ್ದು ಕಡಿದ ಸಾಗವಾನಿಯನ್ನು ಟ್ರ್ಯಾಕ್ಟರಿಗೆ ಹೇರುವುದನ್ನು ಅವನು ಮರೆಯಲ್ಲಿ ನಿಂತು ತೆಗೆಯುತ್ತಿದ್ದ. ಅವರು ನೋಡಿ ಹಿಡಿದರು.

ಮಧ್ಯಾಹ್ನ ಮೂರಕ್ಕೆ ಹಿಡಿದವರು ಸಂಜೆ ಆರಕ್ಕೆ ಬಿಟ್ಟು ಹೋದರು. ಮೊದಲು ಕ್ಯಾಮರಾವನ್ನು ಕಲ್ಲಿನಿಂದ ಜಜ್ಜಿದರು. ಆಮೇಲೆ ಅದನ್ನು ಹಿಡಿದಿದ್ದ ಬಲಗೈ ಬೆರಳುಗಳನ್ನು ಜಜ್ಜಿದರು. ಆಮೇಲೆ ಕೈ ಕಟ್ಟಿ ಕೊಡಲಿಯ ಕಾವಿನಿಂದ, ಎಂದರೆ ಅದರ ಮರದ ಹಿಡಿಯಿಂದ, ಬಡಿದರು. ಡಾಕ್ಟರ ವರದಿಯಲ್ಲಿ ಬೆರಳುಗಳನ್ನು ಬಿಟ್ಟು ಹನ್ನೊಂದು ಪೆಟ್ಟುಗಳಿದ್ದವು. ಹತ್ತು ಕಾವಿನವು. ಒಂದು ಮಾತ್ರ ಬೇರೆ: ಎಡಗಾಲ ಮೀನಖಂಡದ ಮೇಲೆ ತೆಳ್ಳನೆಯ ಬರಲಿನ, ಎಂದರೆ ಗಿಡದಿಂದ ಮುರಿದ ಕಡ್ಡಿಯ, ಬಾಸುಂಡೆ. ಕೊಲ್ಲಲು ನಿಂತವರು ಕಾಲ ಹಿಂದೆ ಬರಲಿನಿಂದ ಯಾಕೆ ಹೊಡೆದರು ಎಂದು ಯಾರೂ ಕೇಳಲಿಲ್ಲ. ಮೂವತ್ತಾರು ವರ್ಷ ಸಾಲೆಯಲ್ಲಿ ಮಕ್ಕಳ ಮೀನಖಂಡಕ್ಕೆ ಬರಲು ಬೀಸಿದ ನಾನೂ ಕೇಳಲಿಲ್ಲ.

ಪೊಲೀಸರು ಇಬ್ಬರನ್ನು ಹಿಡಿದರು. ಬೇರೆ ಜಿಲ್ಲೆಯವರು. ಟ್ರ್ಯಾಕ್ಟರ್ ನಡೆಸಿದ ಮೂರನೆಯವನೊಬ್ಬ ಇದ್ದ, ಅವನ ಚಪ್ಪಲಿಯ ಗುರುತು ಮಣ್ಣಿನಲ್ಲಿತ್ತು. ಅವನ ಹೆಸರು ತಮಗೆ ಗೊತ್ತೇ ಇಲ್ಲವೆಂದು ಆ ಇಬ್ಬರೂ ಹೇಳಿದರು.

ಹೆಣ ಮನೆಗೆ ಬಂದಾಗ ಕೊರಳು ಬರಿದಾಗಿತ್ತು. ಮೈ ತೊಳೆಸುತ್ತಿದ್ದ ಮಠದ ಅಯ್ಯನವರು ತಲೆ ಎತ್ತಿ, “ಮಾಸ್ತರ, ಲಿಂಗ ಎಲ್ಲೈತ್ರಿ?” ಎಂದು ಕೇಳಿದರು. ನಾನು, “ಬಿಟ್ಟಿದ್ದ” ಎಂದೆ.

ಹಾಗೆ ಹೇಳಲು ಕಾರಣವಿತ್ತು. ಅದಕ್ಕೆ ಮೂರು ವರ್ಷ ಹಿಂದೆ, ಬೆಳಗಿನ ಪೂಜೆಗೆ ಕೂಡಲಿಲ್ಲವೆಂದು ಅವನಿಗೂ ನನಗೂ ಜಗಳವಾಗಿತ್ತು. ‘ಪೂಜಿ ನನ್ನ ಮತ್ತ ಶಿವನ ನಡುವಿಂದು, ನಡುವ ನೀವು ಬಂದು ಹಾಜರಿ ತಗೋತೀರಿ’ ಎಂದಿದ್ದ. ಲಿಂಗ ಬಿಟ್ಟವನಿಗೆ ಈ ಮನೆಯಲ್ಲಿ ಊಟವಿಲ್ಲ ಎಂದಿದ್ದೆ. ಅವನು ಹುಬ್ಬಳ್ಳಿಗೆ ಹೋಗಿ ಕೋಣೆ ಮಾಡಿದ. ಬಿಟ್ಟೆನೆಂದು ಅವನು ಹೇಳಲಿಲ್ಲ. ಕಟ್ಟಿಕೊಂಡಿದ್ದೀಯಾ ಎಂದು ನಾನು ಕೇಳಲಿಲ್ಲ. ಪೊಲೀಸರು ಮೈಮೇಲೆ ಏನಿತ್ತೆಂದು ಕೇಳಿದಾಗಲೂ, ಕೊರಳಲ್ಲಿ ಏನೂ ಇರಲಿಲ್ಲವೆಂದು ಬರೆಸಿದೆ. ಅಯ್ಯನವರು ಹೊಸ ಲಿಂಗ ತರಿಸಿ, ಅವನ ಎಡಗೈಯಲ್ಲಿಟ್ಟು, ಕೂಡಿಸಿ ಸಮಾಧಿ ಮಾಡಿದರು. ಆದರೆ ಜೀವ ಹೋದ ಮೇಲೆ ಕೈಗೆ ಬಂದ ಲಿಂಗ ಅವನು ಪೂಜಿಸಿದ ಲಿಂಗವಲ್ಲ. ಮಗ ಶಿವನನ್ನು ಬಿಟ್ಟು ಸತ್ತನೋ, ಹಿಡಿದು ಸತ್ತನೋ? ಹದಿನಾಲ್ಕು ತಿಂಗಳು ಪ್ರತಿ ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ನಾನು ಕೇಳಿದ್ದು ಇದೊಂದನ್ನೇ.

ನೇತ್ರಾ ಎಂಬ ಹೆಣ್ಣುಮಗಳು ನಮ್ಮ ಮನೆಗೆ ಬಂದದ್ದು ಆ ತಿಂಗಳುಗಳ ಕೊನೆಗೆ. ಹುಬ್ಬಳ್ಳಿಯವಳು, ಈರೇಶನ ಚಿತ್ರಗಳಿಗೆ ಕೆಲಸ ಮಾಡಿದವಳು. ಅವಳ ಜೊತೆಗೆ ಕ್ಯಾಮರಾ ಹಿಡಿಯುವ ಫಯಾಜ್ ಇದ್ದ.

“ಕಾಕಾರ, ಈರೇಶನ ಕಡೀ ಮೂರು ತಾಸಿಂದು ಒಂದು ಸಣ್ಣ ಚಿತ್ರ ಮಾಡಬೇಕಂತೀವಿ. ನೀವು ಬ್ಯಾಡ ಅಂದ್ರ ಬಿಟ್ಟಬಿಡ್ತೀವಿ.”

“ಸತ್ತವನ್ನ ಮತ್ತೊಮ್ಮೆ ಸಾಯಿಸಿ ಏನ್ ಮಾಡ್ತಿ, ತಂಗಿ?”

“ಅವನ ಚಿತ್ರ ಅರ್ಧಕ್ಕ ನಿಂತೈತ್ರಿ. ಉಳಿದರ್ಧ ಇದ ಆತು. ಬ್ಯಾರೆ ಹೆಂಗ ಮುಗಸಬೇಕು ನನಗ ಗೊತ್ತಾಗವಲ್ದು.”

ಅವಳು ಬರೆದುಕೊಂಡು ಬಂದದ್ದನ್ನು ಓದಿ ಹೇಳಿದಳು. ಅದರಲ್ಲಿ ಈರೇಶನ ಅಂಗಿಯ ಗುಂಡಿ ಕಿತ್ತು, ಶಿವದಾರದಲ್ಲಿ ಕಟ್ಟಿದ ಬೆಳ್ಳಿಯ ಕರಡಿಗೆ ಹೊರಗೆ ಜೋತುಬೀಳುವ ಒಂದು ನೋಟವಿತ್ತು. ಕರಡಿಗೆ ಎಂದರೆ ಲಿಂಗವಿಡುವ ಡಬ್ಬಿ. ನಾನು ಅಲ್ಲಿಗೇ ತಡೆದೆ.

“ಇದನ್ನ ತಗದಹಾಕು. ಅವಾ ಲಿಂಗ ಬಿಟ್ಟಿದ್ದ.”

“ಇಲ್ರಿ. ಅಂಗಿ ಒಳಗ ಇರ್ತಿತ್ತು. ನಾ ನೋಡೀನಿ.”

“ಮುದುಕಗ ಸಮಾಧಾನ ಆಗ್ಲಿ ಅಂತ ಹೇಳಬ್ಯಾಡವಾ.”

“ಸಮಾಧಾನ ಮಾಡಾಕ ಬರೂದಾಗಿದ್ರ ಹಣ್ಣು ತಗೊಂಡ ಬರ್ತಿದ್ದೆ, ಇದನ್ನ ತರ್ತಿದ್ದಿಲ್ಲ” ಎಂದಳು.

“ಹಂಗಾರ ಎಲ್ಲಿ ಹೋತು? ಕೈಯಾಗಿನ ಗಡಿಯಾರ ಇತ್ತು, ಬಳ್ಳಾಗಿನ ಉಂಗುರ ಇತ್ತು. ಲಿಂಗ ಒಂದ ಕಳುವಾಗತೈತೇನು?”

ನನ್ನ ಹೆಂಡತಿ ಶಿವಗಂಗವ್ವ ಒಳಗಿನಿಂದ, “ಇರ್ಲಿ ಬಿಡ್ರಿ. ಸಿನಿಮಾದಾಗರ ಇರ್ಲಿ” ಎಂದಳು. ನಾನು ಒಪ್ಪಿದೆ. ಅಲ್ಲಿ ನಾನೂ ಇರಬೇಕು ಎಂಬುದೊಂದೇ ನನ್ನ ಷರತ್ತಾಗಿತ್ತು.

ಧಾರವಾಡದ ನಾಟಕದವರು ಮೂವರು ಬರುವವರಿದ್ದರು. ಸುಭಾಸ ಎಂಬವನು ಈರೇಶನಾಗುತ್ತಾನೆ, ಇಬ್ಬರು ಕೊಲ್ಲುವವರಾಗುತ್ತಾರೆ. ಮೂರನೆಯವನಿಗೆ ಜನ ಇರಲಿಲ್ಲ. ಅವನು ಟ್ರ್ಯಾಕ್ಟರ್ ನಡೆಸಿಕೊಂಡು ಬರಬೇಕು, ಇಳಿದು ಕಾಲಿಗೆ ಒಂದು ಬರಲಿನ ಏಟು ಹೊಡೆಯಬೇಕು, ಅಷ್ಟೇ. ವರದಿಯ ಹನ್ನೊಂದನೆಯ ಪೆಟ್ಟನ್ನು ನೇತ್ರಾ ಮೂರನೆಯವನಿಗೆ ಕೊಟ್ಟಿದ್ದಳು. “ಇವಾ ಒಬ್ಬಾವ ಮನಸಿಲ್ಲದ ಹೊಡದಿರಬೇಕು, ಅದಕ್ಕ” ಎಂದಳು. ಆ ಪಾತ್ರಕ್ಕೆ ನಮ್ಮ ಹೊಳಬಸಪ್ಪನ ಹೆಸರು ಹೇಳಿದವನು ನಾನು.

ಹೊಳಬಸಪ್ಪ ಶಿವಗಂಗವ್ವನ ಅಣ್ಣನ ಮಗ. ಐದು ವರ್ಷಕ್ಕೇ ತಂದೆತಾಯಿಯನ್ನು ಕಳೆದುಕೊಂಡು ನಮ್ಮ ಮನೆಗೆ ಬಂದ. ಈರೇಶನಿಗಿಂತ ಒಂದು ವರ್ಷ ದೊಡ್ಡವನು. ಇಬ್ಬರೂ ಒಂದೇ ತಾಟಿನಲ್ಲಿ ಉಂಡು ಬೆಳೆದರು. ಈಗ ತಂಬೂರಿನಲ್ಲಿ ಹೊಲ ಮಾಡಿಕೊಂಡಿದ್ದ, ಟ್ರ್ಯಾಕ್ಟರ್ ಇತ್ತು. ಈರೇಶನ ಸಮಾಧಿಯ ಕುಣಿ ತೋಡಿದವನು ಅವನೇ. ಆಮೇಲೆ ಪ್ರತಿ ಸೋಮವಾರ ನನ್ನ ಪೂಜೆಗೆ ಬಿಲ್ವಪತ್ರೆ ತಂದುಕೊಟ್ಟು, ಉಂಡು ಹೋಗುತ್ತಿದ್ದ. ಆ ಸೋಮವಾರ ಉಣ್ಣಲು ಕೂತಾಗ ಮಾತು ತೆಗೆದೆ.

“ನಾ ಒಲ್ಲೆರಿ ಮಾವಾರ.”

“ಯಾಕ?”

“ನಂಗ ನಾಟಕ ಬರೂದಿಲ್ಲ. ಸಾಲ್ಯಾಗ ನೀವ ನನ್ನ ಗಿಡದ ಪಾರ್ಟಿಗೆ ನಿಂದ್ರಿಸಿದ್ರಿ. ಗಿಡ ಆಗಿ ನಿಂತಾಗೂ ಸೀನಿದೆ.”

ಶಿವಗಂಗವ್ವ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದಳು. “ಈ ಸಲ ಸೀನಬ್ಯಾಡ” ಎಂದು ರೊಟ್ಟಿ ಹಾಕಿದಳು.

“ಬ್ಯಾರೆಯವ್ರನ ನೋಡ್ರಿ ಮಾವಾರ. ನನ್ನ ಮಾರಿ ಛಲೋ ಇಲ್ಲ.”

“ಕೊಲಿ ಮಾಡಾವಂದು ಮಾರಿ ಯಾಕ ಛಲೋ ಇರಬೇಕೋ?”

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ನಾ ಒಲ್ಲೆ” ಎಂದ ಮೂರನೆಯ ಸಲ.

“ನೋಡಪಾ, ನಾಟಕಕ್ಕಂದ್ರೂ ಗುರ್ತಿಲ್ಲದವ ನನ್ನ ಮಗನ ಕಾಲಿಗೆ ಹೊಡಿಯೂದು ಬ್ಯಾಡ. ನೀ ಆದ್ರ ಮೆಲ್ಲಕ ಹೊಡೀತಿ.” ಅವನು ತಾಟು ಮುಂದಕ್ಕೆ ಸರಿಸಿದ. ಆಗ ನಾನು ಮಾವನ ದನಿ ಬಿಟ್ಟು ಮಾಸ್ತರನ ದನಿಯಲ್ಲಿ, “ಹೊಳಬಸಪ್ಪಾ, ಬರ್ತಿಯೋ ಇಲ್ಲೋ?” ಎಂದು ಕೇಳಿದೆ. ಆ ದನಿಗೆ ಅವನು ಇಲ್ಲವೆಂದು ಎಂದೂ ಹೇಳಿದವನಲ್ಲ.

“ಬರ್ತೀನ್ರಿ” ಎಂದ.

ಭತ್ತದ ಕೊಯ್ಲು ನಡೆದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ನಾವು ಆ ಜಾಗ ಮುಟ್ಟಿದೆವು. ಕಡಿದ ಸಾಗವಾನಿಯ ಬೊಡ್ಡೆಗಳು ಹಾಗೇ ಇದ್ದವು, ಕೆಲವು ಮತ್ತೆ ಚಿಗುರಿದ್ದವು. ಯಾವ ಬೊಡ್ಡೆಗೆ ಅವನ ಕೈ ಕಟ್ಟಿದ್ದರೆಂದು ನೇತ್ರಾ ಪೊಲೀಸರ ಫೋಟೋ ನೋಡಿ ಗುರುತಿಸಿದಳು. ನನಗೆ ಅದರ ಎದುರಿಗೆ ಹತ್ತು ಮಾರು ದೂರದಲ್ಲಿ ಒಂದು ಖುರ್ಚಿ ಹಾಕಿದರು. ನಾನು ಮೊದಲು ಹೋಗಿ ಆ ಬೊಡ್ಡೆಗೆ ವಿಭೂತಿ ಹಚ್ಚಿ ಬಂದೆ. ಫಯಾಜ್ ಮೆಲ್ಲಗೆ, “ಕಾಕಾ, ಶಾಟಿನ್ಯಾಗ ಕಾಣತೈತ್ರಿ ಅದು” ಎಂದ. ಒರೆಸುವ ಮನಸ್ಸು ಅವನಿಗೂ ಬರಲಿಲ್ಲ, ಕ್ಯಾಮರಾವನ್ನೇ ಸರಿಸಿಕೊಂಡ.

ಬೆಳಕಿನ ಸಲುವಾಗಿ ಕೊನೆಯದನ್ನು ಮೊದಲು ತೆಗೆದರು. ಎಂದರೆ ಕೊಲೆಯನ್ನು.

ರಕ್ತವನ್ನು ಬೆಲ್ಲದ ಪಾಕಕ್ಕೆ ಬಣ್ಣ ಕೂಡಿಸಿ ಮಾಡಿದ್ದರು. ಸುಭಾಸನ ತಲೆಯ ಮೇಲಿಂದ ಅದು ಹುಬ್ಬಿಗೆ ಇಳಿದು, ಹುಬ್ಬಿನಿಂದ ಬಾಯಿಗೆ ಇಳಿಯಿತು. ನೊಣಗಳು ಬಂದು ಕೂತವು. ಮೈಗೆ ತಾಗುವ ಕಾವುಗಳನ್ನು ರಬ್ಬರಿನಿಂದ ಮಾಡಿದ್ದರು. ಹತ್ತಿರದಿಂದ ತೆಗೆಯಲು ಒಂದು ನಿಜವಾದ ಕಾವನ್ನು ಬೇರೆ ಇಟ್ಟಿದ್ದರು. ರಬ್ಬರಿಗೆ ಸಪ್ಪಳವಿಲ್ಲ. ಆದ್ದರಿಂದ ಸುಭಾಸನ ಹೆಗಲಿಗೆ ರಬ್ಬರು ಬಿದ್ದಾಗಲೆಲ್ಲ, ಆಚೆ ಒಬ್ಬನು ಒದ್ದೆ ಗೋಣಿಚೀಲವನ್ನು ಬಡಿಗೆಯಿಂದ ಬಡಿಯುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡೆ. ಮುಚ್ಚಿದರೆ ಸಪ್ಪಳ ಒಂದೇ ಉಳಿಯಿತು, ಅದು ಇನ್ನೂ ಕೆಟ್ಟದ್ದಾಯಿತು. ಮತ್ತೆ ತೆರೆದೆ.

ಬೆರಳು ಜಜ್ಜುವುದನ್ನು ನಾಲ್ಕು ಸಲ ತೆಗೆದರು. ಕಲ್ಲು ಎತ್ತುವವನ ಕೈ ಪ್ರತಿ ಸಲ ಅನುಮಾನಿಸುತ್ತಿತ್ತು. ನೇತ್ರಾ, “ಅನುಮಾನಿಸಬ್ಯಾಡ್ರಿ, ಅವರು ಅನುಮಾನಿಸಿಲ್ಲ” ಎಂದಳು. ನಾಲ್ಕನೆಯ ಸಲ ಅವನು ಒಗೆದ ಕಲ್ಲು, ನಿಜವಾದವುಗಳ ಬದಲು ಮಾಡಿಟ್ಟಿದ್ದ ಮಣ್ಣಿನ ಬೆರಳುಗಳನ್ನು ಒಡೆದು, ಸಿಡಿದ ಚೂರು ಸುಭಾಸನ ತುಟಿಗೆ ಬಡಿದು, ನಿಜವಾದ ರಕ್ತ ಬಂತು. ಸುಭಾಸ ಕೂಗಿದ. ಕೂಗಿದ್ದು ನಾಟಕವಲ್ಲವೆಂದು ಎಲ್ಲರಿಗೂ ತಿಳಿಯಿತು. ನೇತ್ರಾ ಆ ಕೂಗನ್ನು ಚಿತ್ರದಲ್ಲಿ ಹಾಗೇ ಇಟ್ಟುಕೊಂಡಳು. ಆಮೇಲೆ ತಲೆಗೆ. ಆಮೇಲೆ ಬಿದ್ದವನ ಪಕ್ಕೆಗೆ. ಸಾಯುವ ಮೊದಲು ಅವನು ಕಟ್ಟಿದ್ದ ಎಡಗೈಯಿಂದಲೇ ನೆಲವನ್ನು ಕೆರೆದಿದ್ದನಂತೆ, ಉಗುರಿನಲ್ಲಿ ಮಣ್ಣು ಇತ್ತಂತೆ. ಸುಭಾಸ ಅದನ್ನೂ ಮಾಡಿದ. ನಾನು ಕೊರಳಿನ ಲಿಂಗವನ್ನು ಅಂಗಿಯ ಮೇಲಿಂದಲೇ ಹಿಡಿದು ಐದಕ್ಷರವನ್ನು ಹೇಳುತ್ತಿದ್ದೆ. ಎಷ್ಟು ಸಲ ಹೇಳಿದೆನೋ, ಎಲ್ಲಿ ತಪ್ಪಿದೆನೋ ತಿಳಿಯದು.

ಹೊಳಬಸಪ್ಪ ಅಷ್ಟು ಹೊತ್ತೂ ದೂರದಲ್ಲಿ ಟ್ರ್ಯಾಕ್ಟರಿನ ಮೇಲೆ ಬೆನ್ನು ಮಾಡಿ ಕೂತಿದ್ದ. ಊಟಕ್ಕೆ ಕರೆದರೂ ಬರಲಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಅವನ ಸರದಿ ಬಂತು. ಉಳಿದದ್ದು ಅದೊಂದೇ, ಎಲ್ಲದಕ್ಕಿಂತ ಹಗುರವಾದದ್ದು.

ಸುಭಾಸನನ್ನು ಬೊಡ್ಡೆಯ ಮುಂದೆ ಮೊಣಕಾಲೂರಿ ಕೂಡಿಸಿ ಕೈ ಕಟ್ಟಿದ್ದರು. ಹರಿದ ಅಂಗಿಯಿಂದ ಕರಡಿಗೆ ಜೋತುಬಿದ್ದಿತ್ತು. ನೇತ್ರಾ ಹೊಳಬಸಪ್ಪನಿಗೆ ಹೇಳಿದ್ದು ಇಷ್ಟೇ: “ಅಣ್ಣಾರ, ಟ್ರ್ಯಾಕ್ಟರ್ ಇಳಿದು ಬರ್ರಿ, ಕಾಲಿಗೆ ಒಂದು ಏಟು ಹಾಕ್ರಿ, ಹೊಳ್ಳಿ ಹೋಗ್ರಿ. ಮಾತಾಡೂದು ಇಲ್ಲ.”

ಅವನು ಇಳಿದು ಬಂದ. ಬರಲು ಕಂಕುಳಲ್ಲಿತ್ತು. ಸುಭಾಸನ ಹತ್ತಿರ ನಿಂತು ಬರಲನ್ನು ನೆಲಕ್ಕಿಟ್ಟ. ಬಾಗಿ, ಎರಡೂ ಕೈಯಿಂದ ಶಿವದಾರವನ್ನು ಅವನ ತಲೆಯ ಮೇಲಿಂದ ತೆಗೆದ. ಕರಡಿಗೆಯನ್ನು ಎಡಗಣ್ಣಿಗೆ, ಬಲಗಣ್ಣಿಗೆ ಒತ್ತಿಕೊಂಡ. ಸುತ್ತ ನೋಡಿ, ಪಕ್ಕದ ಗಿಡದ ಒಂದು ಟೊಂಗೆಗೆ, ಎದೆಯ ಎತ್ತರಕ್ಕೆ, ಅದನ್ನು ತೂಗುಹಾಕಿದ. ತಿರುಗಿ ಬಂದು, ಸುಭಾಸನ ಎಡಗಾಲ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಬರಲು ಎತ್ತಿಕೊಂಡು ಮೀನಖಂಡಕ್ಕೆ ಒಂದೇ ಏಟು ಹೊಡೆದ.

ಯಾರೂ ನಿಲ್ಲಿಸೆಂದು ಹೇಳಲಿಲ್ಲ. ಫಯಾಜ್ ಉಸಿರಿನಲ್ಲೇ, “ಅಗದಿ ಮಸ್ತ್ ಬಂತ” ಎಂದ.

ನೇತ್ರಾ ಕೇಳಿದಳು: “ಹೊಳಬಸಣ್ಣಾ, ಲಿಂಗ ತಗೀರಿ ಅಂತ ನಾ ಹೇಳಿರ್ಲಿಲ್ಲಲ್ಲ. ಯಾಕ ತಗದ್ರಿ?”

“ಏನ್ ತಗದೆ?” ಎಂದ ಅವನು. ತಾನು ಮಾಡಿದ್ದು ಅವನಿಗೇ ತಿಳಿದಿರಲಿಲ್ಲ. ಆಮೇಲೆ ಟೊಂಗೆಯ ಕಡೆಗೆ ನೋಡಿದ. ಅಲ್ಲಿಂದ ನನ್ನ ಕಡೆಗೆ ನೋಡಿದ.

ಓದುವವರು ಒಂದು ಮಾತು ತಿಳಿಯಬೇಕು. ಹೊಡೆಯುವ ಮೊದಲು ಲಿಂಗ ತೆಗೆಯಬೇಕೆಂದು ಯಾವ ಶಾಸ್ತ್ರದಲ್ಲಿಯೂ ಇಲ್ಲ, ನಮ್ಮ ಸಮಾಜದ ಬೇರೆ ಯಾವ ಮನೆಯಲ್ಲಿಯೂ ನಾನು ಕಂಡಿಲ್ಲ. ಅದು ನನ್ನ ಮನೆಯ ಪದ್ಧತಿ. ನಾನು ಮಾಡಿದ್ದು. ಹುಡುಗರು ಸುಳ್ಳು ಹೇಳಿದಾಗ, ಸಾಲೆ ತಪ್ಪಿಸಿದಾಗ ನಾನು ಹೊಡೆಯುತ್ತಿದ್ದೆ. ಲಿಂಗ ಇರುವ ಮೈಗೆ ಹೊಡೆದರೆ ಅದು ಶಿವನಿಗೆ ತಾಗುತ್ತದೆ ಎಂಬ ಭಯ ನನಗಿತ್ತು. ಹೊಡೆಯುವುದನ್ನು ಬಿಡಲು ಮಾತ್ರ ಆ ಭಯ ಸಾಲಲಿಲ್ಲ. ಆದ್ದರಿಂದ ಮೊದಲು ಲಿಂಗ ತೆಗೆಸಿ, ಕಣ್ಣಿಗೆ ಒತ್ತಿಸಿ, ಬದಿಗಿಡಿಸಿ, ಎಡಗಾಲ ಪಾಯಜಾಮ ಮೊಣಕಾಲವರೆಗೆ ಮಡಚಿ ಹೊಡೆಯುತ್ತಿದ್ದೆ. ಈರೇಶ, ಹೊಳಬಸಪ್ಪ ಇಬ್ಬರಿಗೂ ಹೀಗೇ. ಕೆಲವು ಸಲ ಇಬ್ಬರ ತಪ್ಪೂ ಒಂದೇ ಆಗಿದ್ದರೆ ಒಬ್ಬನ ಲಿಂಗವನ್ನು ಇನ್ನೊಬ್ಬನಿಂದ ತೆಗೆಸುತ್ತಿದ್ದೆ, ಒಬ್ಬನ ಕಾಲಿಗೆ ಇನ್ನೊಬ್ಬನಿಂದ ಹೊಡೆಸುತ್ತಿದ್ದೆ. ಅದರಿಂದ ಅವರಿಗೆ ಬುದ್ಧಿ ಬರುತ್ತದೆ ಎಂದುಕೊಂಡಿದ್ದೆ.

ಈ ಲೋಕದಲ್ಲಿ ಹೀಗೆ ಹೊಡೆಯಲು ಕಲಿತವರು ಇಬ್ಬರೇ. ಒಬ್ಬನು ಸಮಾಧಿಯ ಮಣ್ಣಿನಲ್ಲಿ ಕೂತಿದ್ದ.

ನಾನು ಖುರ್ಚಿಯಿಂದ ಎದ್ದೆ. ಮುದುಕನಿಗೆ ಸಂಕಟವಾಗಿ ಸುಭಾಸನ ಬಳಿಗೆ ಹೊರಟಿದ್ದಾನೆ ಎಂದು ಎಲ್ಲರೂ ದಾರಿ ಬಿಟ್ಟರು. ಬದಿಗಿಟ್ಟಿದ್ದ ನಿಜವಾದ ಕಾವನ್ನು ಎತ್ತಿಕೊಂಡೆ. ಅದು ಭಾರವಾಗಿತ್ತು.

“ಅವತ್ತ ನೀ ಇದ್ದಿ” ಎಂದೆ.

“ಮಾವಾರ.”

“ಇದ್ದಿಯೋ ಇಲ್ಲೋ?”

ಮತ್ತೆ ಆ ದನಿಯೇ ಬಂದಿತ್ತು. ಅವನು “ಇದ್ನಿರಿ” ಎಂದ. ಎಂದು ಮೊಣಕಾಲೂರಿ ಕೂತ. ಕೂತು, ತನ್ನ ಕೊರಳಿನ ಶಿವದಾರವನ್ನು ತಾನೇ ತೆಗೆದು, ಕಣ್ಣಿಗೆ ಒತ್ತಿಕೊಂಡು, ಕೈ ಚಾಚಿ ಅದೇ ಟೊಂಗೆಗೆ ಹಾಕಿದ. ನಾನು ಕಾವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದೆ. ಅವನು ಹಾಕುವವರೆಗೆ ಅದು ಅಲ್ಲೇ ನಿಂತಿತ್ತು.

ಆಮೇಲೆ ಇಳಿಯಿತು. ಮೊದಲ ಏಟು ಹೆಗಲಿಗೆ ಬಿತ್ತು. ಅವನು ಬಾಯಿ ತೆರೆದ, ದನಿ ಬರಲಿಲ್ಲ. ಎರಡನೆಯದಕ್ಕೆ ಅವನು ಬಲಗೈ ಅಡ್ಡ ತಂದ. ಮೊಣಕೈಯ ಕೆಳಗೆ ಎಲುಬು ಒಣ ಜೋಳದ ದಂಟಿನಂತೆ ಲಟ್ಟೆಂದಿತು, ಕೈ ಇರಬಾರದ ಕಡೆಗೆ ಬಾಗಿತು. ಗೋಣಿಚೀಲದ ಸಪ್ಪಳವೂ ಎಲುಬಿನ ಸಪ್ಪಳವೂ ಒಂದೇ ಅಲ್ಲ. ಮೂರನೆಯದನ್ನು ತಲೆಗೇ ಎತ್ತಿದೆ. ಕೊಲ್ಲಬೇಕೆಂದೇ ಎತ್ತಿದೆ, ಸುಳ್ಳು ಬರೆಯುವುದಿಲ್ಲ. ಫಯಾಜ್ ಹಿಂದಿನಿಂದ ನನ್ನ ಸೊಂಟ ಹಿಡಿದು ಎಳೆದದ್ದರಿಂದ ಅದು ಜಾರಿ ಕಿವಿಯನ್ನು ಸೀಳಿಕೊಂಡು ಹೋಯಿತು. ರಕ್ತ ನನ್ನ ಧೋತರಕ್ಕೆ ಸಿಡಿಯಿತು. ಅದಕ್ಕೆ ನೊಣ ಇನ್ನೂ ಬಂದಿರಲಿಲ್ಲ.

“ಬಿಡು” ಎಂದೆ ಫಯಾಜನಿಗೆ. “ಕೇಳೂದು ಐತಿ.”

ಹೊಳಬಸಪ್ಪ ಮುರಿದ ಕೈಯನ್ನು ಹೊಟ್ಟೆಗೆ ಅವಚಿಕೊಂಡು ಮಗ್ಗುಲಾಗಿ ಬಿದ್ದಿದ್ದ. ಯಾರೂ ಒತ್ತಾಯ ಮಾಡದೆ ಅವನು ಹೇಳತೊಡಗಿದ.

“ಮರಾ ಹೇರಾಕ ಕರದಿದ್ರು. ಬಂದ ನೋಡಿದ್ರ ಈರ್ಯಾನ ಕಟ್ಟಿ ಹಾಕ್ಯಾರ. ಬೆರಳ ಆಗಲೇ ಜಜ್ಜಿದ್ರು. ಗುರ್ತೈತೇನ ಅಂದ್ರು. ನನ್ನ ತಮ್ಮ ಅಂದೆ. ಹಂಗಾರ ಮೊದಲ ಏಟು ನೀ ಹೊಡಿ, ನಾಳೆ ಬಾಯಿ ಬಿಡಬಾರದು ಅಂದ್ರು. ಇಲ್ಲಂದ್ರ ಇಬ್ಬರನೂ ಇಲ್ಲೇ ಹುಗೀತೀವಿ ಅಂದ್ರು. ಕಾವು ಕೈಗೆ ಕೊಟ್ರು. ನಾ ಒಲ್ಲೆ ಅಂತ ಒಂದು ಬರಲ ಮುರಕೊಂಡೆ. ಬರಲಿಗೆ ಯಾರೂ ಸಾಯೂದಿಲ್ಲಲ್ರಿ ಮಾವಾರ.”

“ಲಿಂಗ?”

“ಕೊಳ್ಳಾಗ ಇತ್ತು.”

“ಖರೇನ ಹೇಳು.”

“ಇತ್ರಿ. ನಾ ಹತ್ರ ಹೋಗೂದ್ರಾಗ ಈರ್ಯಾ ತಾನ ಕುತ್ತಿಗಿ ಬಗ್ಗಿಸಿದ. ಕೈ ಕಟ್ಟಿತ್ತು, ತಾ ತಗ್ಯಾಕ ಬರ್ತಿದ್ದಿಲ್ಲ. ‘ತಗೀಲೇ ಹೊಳಬಸ್ಯಾ, ಮಾಸ್ತರು ಬರೂದ್ರಾಗ ಮುಗಸು’ ಅಂದ. ನಕ್ಕ. ನಾ ಒಂದು ಹೊಡದ್ರ ಬಿಟ್ಟಬಿಡ್ತಾರ ಅಂತ ಅವಗೂ ಅನಿಸಿತ್ತು, ನನಗೂ ಅನಿಸಿತ್ತು.”

ನೇತ್ರಾ ಸುಭಾಸನ ಕೈಯ ಹಗ್ಗ ಬಿಚ್ಚತೊಡಗಿದಳು.

“ಆ ಲಿಂಗ ಈಗ ಎಲ್ಲೈತಿ?”

“ಟೊಂಗಿಗೆ ಹಾಕಿದ್ದನ್ನ ಆಮ್ಯಾಲ ಒಯ್ದು ಬೇಡ್ತಿ ಹಳ್ಳಕ್ಕ ಬಿಟ್ಟೆ. ಪೂಜಿ ಮಾಡಾವ ಹೋದ ಮ್ಯಾಲ ಲಿಂಗ ಮನ್ಯಾಗ ಇಡಬಾರದಂತ ನೀವ ಹೇಳಿದ್ರಿ.”

“ಆಮ್ಯಾಲ ಏನ್ ಮಾಡ್ದಿ?”

ಕಿವಿಯ ರಕ್ತ ಅವನ ಬಾಯಿಗೆ ಬರುತ್ತಿತ್ತು, ಉಗುಳಿದ. “ಟ್ರ್ಯ‍ಾಕ್ಟರ್ ಚಾಲೂ ಮಾಡಿ ಕುಂತೆ. ಅವನ ದನಿ ಕಿವಿಗೆ ಬೀಳಬಾರದಂತ.”

ನನ್ನ ಮಗನ ಕೊರಳಲ್ಲಿ ಲಿಂಗವಿತ್ತು. ಹದಿನಾಲ್ಕು ತಿಂಗಳು ಕೇಳಿದ್ದಕ್ಕೆ ಶಿವನು ಉತ್ತರ ಕೊಟ್ಟಿದ್ದ. ನಾನು ಕಾವನ್ನು ಕೆಳಗೆ ಹಾಕಿ ಅಲ್ಲಿಯೇ ಕೂತೆ, ಯಾರೋ ನೀರು ಕೊಟ್ಟರು.

ಹೊಳಬಸಪ್ಪನನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಅಲ್ಲಿಗೆ ಪೊಲೀಸರು ಹಿಡಿದಿದ್ದ ಆ ಇಬ್ಬರ ಕಡೆಯ ವಕೀಲರು ಹೋಗಿ ಬಂದ ಮೇಲೆ ಅವನು ಮಾತು ಬದಲಿಸಿದ. ಮುದುಕ ಹೊಡೆದದ್ದಕ್ಕೆ ಹೆದರಿ ಏನೋ ಹೇಳಿದೆ, ತನಗೇನೂ ಗೊತ್ತಿಲ್ಲ ಎಂದ.

ಮರುದಿನ ಕಲಘಟಗಿಯ ಠಾಣೆಯ ಅಂಗಳದಲ್ಲಿ ನೇತ್ರಾ ನನ್ನನ್ನು ಬದಿಗೆ ಕರೆದಳು. ಅವಳ ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ ಇತ್ತು. ಆ ದಿನ ತೆಗೆದದ್ದೆಲ್ಲ ಅದರಲ್ಲಿತ್ತು. ಫಯಾಜನ ಕ್ಯಾಮರಾ ಕೊನೆಯವರೆಗೂ ನಡೆದೇ ಇತ್ತು.

“ಕಾಕಾರ, ಹೊಳಬಸಣ್ಣಾ ಲಿಂಗ ತಗದು ಹೊಡದದ್ದನ್ನಷ್ಟ ಕೊಡೂಣು. ನೀವು ಹೊಡದದ್ದು ಬ್ಯಾಡ. ನಿಮ್ಮನ್ನೂ ಒಳಗ ಹಾಕ್ತಾರ.”

“ಅದೊಂದನ್ನ ಕೊಟ್ರ ವಕೀಲ ಏನಂತಾನ? ನೀ ಹೇಳಿ ಕೊಟ್ಟ ನಾಟಕ ಅಂತಾನ.”

“ನಾ ಹೇಳಿಲ್ಲಂತ ಹೇಳ್ತೀನಿ.”

“ಹೇಳು. ಆದ್ರ ಎರಡನೇದು ಯಾರೂ ಹೇಳಿ ಕೊಟ್ಟದ್ದಲ್ಲ. ಅವಾ ತನ್ನ ಲಿಂಗ ತಾನ ತಗದ. ನಾ ಕಾವು ಎತ್ತಿ ಕಾಯ್ದೆ. ಅದನ್ನ ನೋಡಿದವ್ರಿಗೆ ಈ ರೂಢಿ ಎಲ್ಲಿಂದ ಬಂತಂತ ತಿಳೀತೈತಿ. ಅದನ್ನ ಬಿಟ್ರ ಕೇಸಿನ್ಯಾಗ ಏನೂ ಉಳಿಯೂದಿಲ್ಲ.”

ಅವಳು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಒಳಗೆ ಒಯ್ದು ಇನ್‌ಸ್ಪೆಕ್ಟರರ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ನೋಡಿದರು.

“ಇದು ನಿಮ್ಮ ಜನದ ಪದ್ಧತಿಯೇನ್ರಿ, ಮಾಸ್ತರ?”

“ಅಲ್ರಿ. ನನ್ನ ಮನೀದು. ನಾ ಕಲಿಸಿದ್ದು. ಹಂಗ ಬರ್ಕೋರಿ.”

“ನಿಮ್ಮ ಮ್ಯಾಲೂ ಬರ್ಕೋಬೇಕಾಗತೈತಿ.”

“ಬರ್ಕೋರಿ. ತಲಿಗೆ ಹೊಡಿಯಾಕ ಎತ್ತಿದ್ದೆ ಅನ್ನೂದನ್ನೂ ಬರೀರಿ.”

ಬರೆದುಕೊಳ್ಳುತ್ತಿದ್ದ ಪೊಲೀಸನು ತಲೆ ಎತ್ತಿ ಸಾಹೇಬರನ್ನು ನೋಡಿದ. ಅವರು ಬರೆಯೆಂದು ಸನ್ನೆ ಮಾಡಿದರು. “ಮನಿ ಪದ್ಧತಿ ಅನ್ನೂದಕ್ಕ ನಿಮ್ಮನ್ನ ಬಿಟ್ಟು ಬ್ಯಾರೆ ಸಾಕ್ಷಿ ಬೇಕು” ಎಂದರು. ಬೇರೆ ಸಾಕ್ಷಿ ಒಬ್ಬಳೇ ಇದ್ದಳು.

ಶಿವಗಂಗವ್ವ ಮಧ್ಯಾಹ್ನದ ಬಸ್ಸಿಗೆ ಬಂದಳು. ಅವಳಿಗೆ ಎಲ್ಲವೂ ತಿಳಿದಿತ್ತು. ನನ್ನ ಎದುರಿನ ಬೆಂಚಿನ ಮೇಲೆ ಕೂತಳು, ಸೆರಗನ್ನು ತಲೆಯ ಮೇಲೆಳೆದುಕೊಂಡಳು.

“ಅವನ ಕೊಳ್ಳಾಗ ಲಿಂಗ ಇತ್ತಂತ” ಎಂದೆ.

“ಕೇಳಿದೆ” ಎಂದಳು.

ಇನ್‌ಸ್ಪೆಕ್ಟರ್ ಅವಳಿಗೆ ಪ್ರಶ್ನೆಯನ್ನು ಎರಡು ಸಲ ಬಿಡಿಸಿ ಹೇಳಿದರು. ಹುಡುಗರನ್ನು ಹೊಡೆಯುವ ಮೊದಲು ಈ ಯಜಮಾನರು ಲಿಂಗ ತೆಗೆಸುತ್ತಿದ್ದದ್ದು ನಿಜವೇ?

“ಹೌದ್ರಿ.”

“ನೀವು ಕಣ್ಣಾರೆ ನೋಡಿರೇನು?”

“ನೆಲಕ್ಕ ಇಡಬಾರದಂತ ಹೇಳಿ ನನ್ನ ಕೈಯಾಗ ಕೊಡ್ತಿದ್ರು. ಎರಡೂ ಲಿಂಗ ಉಡ್ಯಾಗ ಹಿಡಕೊಂಡು ನಿಂತಿರ್ತಿದ್ದೆ, ಇವರು ಹೊಡದು ಮುಗಸೂ ತನಕ.”

“ನೀವು ಬಿಡಿಸಲಿಲ್ಲೇನು?”

“ಕೈಯಾಗ ಲಿಂಗ ಇತ್ತಲ್ರಿ” ಎಂದಳು.

ಬರೆದದ್ದನ್ನು ಓದಿ ಹೇಳಿದರು. ಹೊಳಬಸಪ್ಪನ ಹೆಸರು ಬಂದಾಗ, ನನ್ನ ಹೆಸರು ಬಂದಾಗ ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಸಹಿ ಮಾಡಿದಳು. ನಾನೇ ಕಲಿಸಿದ ಅಕ್ಷರಗಳು, ದುಂಡಗೆ, ಒಂದೂ ತಪ್ಪಿಲ್ಲದೆ. ಪೆನ್ನು ತಿರುಗಿ ಕೊಟ್ಟು, ನನ್ನ ಕಡೆಗೆ ನೋಡದೆ, ಹೊಳಬಸಪ್ಪನನ್ನು ದವಾಖಾನೆಯ ಯಾವ ಮಹಡಿಯಲ್ಲಿ ಇಟ್ಟಿದ್ದಾರೆ ಎಂದು ಕೇಳಿದಳು. ಇನ್‌ಸ್ಪೆಕ್ಟರ್ ಹೇಳಿದರು, ಅಲ್ಲಿ ಕಾವಲು ಇದೆ, ಬಿಡುವುದಿಲ್ಲ ಎಂದರು.

“ಬಾಗಲದಾಗ ಕುಂದರ್ತೀನ್ರಿ” ಎಂದು ಅವಳು ಎದ್ದಳು. “ಎಡಗೈಲಿ ಅವಗ ಉಣ್ಣಾಕ ಬರೂದಿಲ್ಲ.”

ಹುಬ್ಬಳ್ಳಿಯ ಬಸ್ಸು ಠಾಣೆಯ ಮುಂದೆಯೇ ಹೋಗುತ್ತದೆ. ಅವಳು ಕೈ ಮಾಡಿ ನಿಲ್ಲಿಸಿ ಹತ್ತಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು.